ಜೀಬ್ರಾಮೀನಿನ ಭ್ರೂಣ ಮತ್ತು ಜೀನುಗಳ ನಿಯಂತ್ರಣ: ಲೋಪದಿಂದ ತೆಗೆಯುವ ತೀರ್ಮಾನವನ್ನು ಕುರಿತು

ಮೈಸೂರು ಸೀಮೆಯ ಹತ್ತೊಂಬತ್ತನೆಯ ಶತಮಾನದ ಆರಂಭದ ಸ್ಥಿತಿಗತಿಗಳನ್ನು ಕುರಿತು ಕೆಲಸ ಮಾಡಿದವರಲ್ಲಿ ಫ್ರಾನ್ಸಿಸ್ ಬುಕಾನನ್‌ನ ಹೆಸರನ್ನು ಕೇಳದವರು ಇರಲಾರರು. ಶ್ರೀರಂಗಪಟ್ಟಣದ ಪತನದ ಮರುವರ್ಷ, ೧೮೦೦ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಪ್ರಾಂತಗಳನ್ನು ಸುತ್ತಿ ಆತನು ಬರೆದ ಪ್ರವಾಸಕಥನವು ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ನೆಲದ ಗುಣ, ಬೆಳೆ, ಕಂದಾಯ, ಕಬ್ಬಿಣದ ಕುಲುಮೆ, ಜಾತಿಗಳ ನಡಾವಳಿ ಮುಂತಾದವುಗಳಿಗೆ ಅದನ್ನು ನಾವು ಇಂದಿಗೂ ಆಧಾರವಾಗಿ ಬಳಸುತ್ತಿದ್ದೇವೆ. ಇದೇ ಬುಕಾನನ್ ಮುಂದೆ ಬಂಗಾಳದ ಸಮೀಕ್ಷೆಯನ್ನು ನಡೆಸಿದುದೂ, ತಾಯಿಯ ಕಡೆಯ ಆಸ್ತಿಗೆ ಉತ್ತರಾಧಿಕಾರಿಯಾಗಿ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದುದೂ, ೧೮೨೨ರಲ್ಲಿ ಗಂಗಾನದಿ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದುದೂ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಗ್ರಂಥದಲ್ಲಿ ಕೋಸಿ ನದಿಯ ಒಂದು ಪುಟ್ಟ ಮೀನನ್ನು ಆತನು ಸೈಪ್ರಿನಸ್ ರೇರಿಯೊ ಎಂಬ ಹೆಸರಿನಿಂದ ವರ್ಣಿಸಿದನು. ಮೈಯುದ್ದಕ್ಕೂ ನೀಲಿಯ ಪಟ್ಟೆಗಳುಳ್ಳ, ಬೆರಳಿಗಿಂತ ಚಿಕ್ಕದಾದ ಈ ಮೀನಿನ ಇಂದಿನ ಶಾಸ್ತ್ರೀಯ ನಾಮ ಡ್ಯಾನಿಯೊ ರೇರಿಯೊ, ರೂಢಿಯಲ್ಲಿ ಜೀಬ್ರಾಮೀನು. ಡ್ಯಾನಿಯೊ ಎಂಬುದು ಲ್ಯಾಟಿನ್ ಶಬ್ದವಲ್ಲ. ಬಂಗಾಳಿಯ ಧಾನಿ, ಎಂದರೆ ಭತ್ತದ ಗದ್ದೆಗೆ ಸೇರಿದ್ದು, ಎಂಬ ಮಾತಿನಿಂದ ಬಂದದ್ದು. ಗಂಗಾ ಬ್ರಹ್ಮಪುತ್ರಾ ಬಯಲಿನ ನಿಧಾನವಾಗಿ ಹರಿಯುವ ನೀರು, ಗದ್ದೆಯ ಕಾಲುವೆ, ಹೊಂಡಗಳು ಇದರ ಮುಖ್ಯ ನೆಲೆ. ದಕ್ಷಿಣದಲ್ಲಿ ಕರ್ನಾಟಕದವರೆಗೂ ಇದು ಇರುವುದಾಗಿ ದಾಖಲೆಯಿದೆ.

ಈ ಮೀನಿನ ಭ್ರೂಣವು ಕಳೆದ ನಾಲ್ಕು ದಶಕಗಳಲ್ಲಿ ಜೀವಶಾಸ್ತ್ರದ ಅತಿ ಮುಖ್ಯವಾದ ಸಾಧನಗಳಲ್ಲೊಂದಾಗಿ ಬೆಳೆದಿದೆ. ಅದರ ಸಮಗ್ರ ಪರಿಚಯವು ಪ್ರಸ್ತುತ ಲೇಖನದ ಉದ್ದೇಶವಲ್ಲ. ಒಂದು ಜೀನನ್ನು ತೆಗೆದುಹಾಕಿದಾಗ ಭ್ರೂಣದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ, ಆ ಜೀನಿಗೆ ಅಲ್ಲಿ ಕೆಲಸವೇ ಇರಲಿಲ್ಲವೆಂದು ತೀರ್ಮಾನಿಸಬಹುದೇ ಎಂಬ ಒಂದೇ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗಿದೆ. ೨೦೧೫ರಿಂದ ೨೦೧೯ರವರೆಗೆ ಈ ಕ್ಷೇತ್ರದಲ್ಲಿ ನಡೆದ ಚರ್ಚೆಯು ಸಾಕ್ಷ್ಯ ಎಂದರೇನು ಎಂಬ ವಿಷಯಕ್ಕೆ ಸಂಬಂಧಿಸಿದ್ದು. ಓಲೆಗರಿಗಳ ಗ್ರಂಥಪಾತಗಳೊಡನೆ ಹೆಣಗುವ ನಮ್ಮಂಥವರಿಗೂ ಅದರಲ್ಲಿ ಗಮನಿಸತಕ್ಕ ಅಂಶಗಳಿವೆ.

ಜೀಬ್ರಾಮೀನನ್ನು ಪ್ರಯೋಗಶಾಲೆಯ ಪ್ರಾಣಿಯನ್ನಾಗಿ ಮಾಡಿದ ಕೀರ್ತಿ ಮುಖ್ಯವಾಗಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿದ್ವಾಂಸರಿಗೆ ಸಲ್ಲುತ್ತದೆ. ಬುಡಾಪೆಸ್ಟಿನಲ್ಲಿ ಜನಿಸಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಇವರು ಮೊದಲು ವೈರಸ್ಸುಗಳ ಮೇಲೆ ಕೆಲಸ ಮಾಡಿದವರು. ತಂದೆಯ ಅಂಶವನ್ನು ನಿಷ್ಕ್ರಿಯಗೊಳಿಸಿ, ತಾಯಿಯ ವರ್ಣತಂತುಗಳನ್ನೇ ಇಮ್ಮಡಿಗೊಳಿಸಿ, ಎರಡು ಪ್ರತಿಗಳೂ ಒಂದೇ ಆಗಿರುವ ಮೀನುಗಳನ್ನು ಪಡೆಯುವ ವಿಧಾನವನ್ನು ೧೯೮೧ರಲ್ಲಿ ಪ್ರಕಟಿಸಿದರು. ಮರೆಯಲ್ಲಿ ಉಳಿಯುವ ದೋಷಗಳು ಒಂದೇ ತಲೆಮಾರಿನಲ್ಲಿ ಬಯಲಾಗಲು ಇದರಿಂದ ದಾರಿಯಾಯಿತು. ೧೯೮೪ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡರೂ, ಚಾರ್ಲ್ಸ್ ಕಿಮ್ಮೆಲ್ ಮೊದಲಾದ ಅಲ್ಲಿಯ ಸಹೋದ್ಯೋಗಿಗಳು ಕೆಲಸವನ್ನು ಮುಂದುವರಿಸಿದರು. ಕಿಮ್ಮೆಲ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ಭ್ರೂಣದ ಹಂತಗಳ ಪಟ್ಟಿ ಇಂದಿಗೂ ಪ್ರಯೋಗಶಾಲೆಗಳ ಪಂಚಾಂಗವಿದ್ದಂತೆ.

ಈ ಮೀನೇ ಏಕೆ ಎಂಬುದಕ್ಕೆ ಉತ್ತರ ಅದರ ತತ್ತಿಯಲ್ಲಿದೆ. ಸಸ್ತನಿಗಳ ಭ್ರೂಣವು ತಾಯಿಯ ಒಡಲಿನ ಕತ್ತಲೆಯಲ್ಲಿ ಬೆಳೆಯುವಂಥದು. ಜೀಬ್ರಾಮೀನಿನದು ಹೊರಗೆ, ನೀರಿನಲ್ಲಿ, ಗಾಜಿನಂತೆ ಪಾರದರ್ಶಕವಾಗಿ ಬೆಳೆಯುವಂಥದು. ಒಂದು ಹೆಣ್ಣು ಒಂದೇ ಬೆಳಗಿನಲ್ಲಿ ನೂರಾರು ತತ್ತಿಗಳನ್ನಿಡುತ್ತದೆ. ಪ್ರತಿಯೊಂದರ ವ್ಯಾಸ ಸುಮಾರು ೦.೭ ಮಿಲಿಮೀಟರು. ೨೮.೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟರೆ ಮುಕ್ಕಾಲು ಗಂಟೆಯೊಳಗೆ ಮೊದಲ ವಿಭಜನೆ. ಅನಂತರ ಸುಮಾರು ಕಾಲುಗಂಟೆಗೊಮ್ಮೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಜೀವಕೋಶಗಳು ಒಟ್ಟಾಗಿ ಸೀಳುತ್ತ ಹೋಗುತ್ತವೆ. ಈ ಅವಧಿಯಲ್ಲಿ ಭ್ರೂಣವು ತನ್ನ ಸ್ವಂತ ಜೀನುಗಳನ್ನು ಹೆಚ್ಚುಕಡಿಮೆ ಓದುವುದೇ ಇಲ್ಲವೆಂಬುದು ಗಮನಾರ್ಹ. ತತ್ತಿ ರೂಪುಗೊಳ್ಳುವಾಗ ತಾಯಿ ತುಂಬಿಟ್ಟ ಸಂದೇಶವಾಹಕ ಆರ್.ಎನ್.ಎ. ಮತ್ತು ಪ್ರೋಟೀನುಗಳ ಬುತ್ತಿಯಿಂದಲೇ ಎಲ್ಲವೂ ನಡೆಯುತ್ತದೆ. ಸುಮಾರು ಮೂರು ಗಂಟೆಯ ಹೊತ್ತಿಗೆ, ಹತ್ತನೆಯ ವಿಭಜನೆಯ ಆಸುಪಾಸಿನಲ್ಲಿ, ಜೀವಕೋಶಗಳ ಸಂಖ್ಯೆ ಸಾವಿರದ ಹತ್ತಿರ ಬಂದಾಗ, ಭ್ರೂಣದ ಸ್ವಂತ ಜೀನುಗಳು ಹಿಂಡುಹಿಂಡಾಗಿ ಎಚ್ಚರಗೊಳ್ಳುತ್ತವೆ. ತಾಯಿಯ ಸಂದೇಶಗಳು ಕ್ರಮೇಣ ನಾಶವಾಗುತ್ತವೆ. ಈ ಎಚ್ಚರಿಕೆಯ ಕೆಲಸವನ್ನು ಆರಂಭಿಸುವ ನ್ಯಾನಾಗ್, ಪಿ.ಓ.ಯು.೫ಎಫ್೩, ಸಾಕ್ಸ್-ಬಿ೧ ಎಂಬ ಪ್ರೋಟೀನುಗಳು ಕೂಡ ತಾಯಿಯ ಬುತ್ತಿಯಲ್ಲಿ ಬಂದವೇ ಎಂಬುದು ೨೦೧೩ರಲ್ಲಿ ಸ್ಪಷ್ಟವಾಯಿತು. ಆರು ಗಂಟೆಗೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬುದು ಕಣ್ಣಿಗೆ ಕಾಣುವಷ್ಟು ನಿಶ್ಚಯವಾಗಿರುತ್ತದೆ. ಹತ್ತು ಗಂಟೆಯ ಅನಂತರ, ಮುಂದೆ ಬೆನ್ನೆಲುಬು ಮತ್ತು ಸ್ನಾಯುಗಳಾಗುವ ಖಂಡಗಳು ಅರ್ಧ ಗಂಟೆಗೊಂದು ಜೊತೆಯಂತೆ ತಲೆಯಿಂದ ಬಾಲದತ್ತ ಮೂಡುತ್ತವೆ. ಇಪ್ಪತ್ತನಾಲ್ಕು ಗಂಟೆಯೆಂದರೆ ಹೃದಯ ಮಿಡಿಯಲಾರಂಭಿಸುವ ಹೊತ್ತು. ಎರಡು ಮೂರು ದಿನಗಳಲ್ಲಿ ಮರಿ ತತ್ತಿಯೊಡೆದು ಹೊರಬರುತ್ತದೆ. ಇಷ್ಟೂ ಸಂಗತಿಯನ್ನು, ಯಾವ ಕೊಯ್ತವೂ ಇಲ್ಲದೆ, ಸೂಕ್ಷ್ಮದರ್ಶಕದ ಅಡಿಯಲ್ಲಿ ಕುಳಿತು ನೋಡಬಹುದು.

ಇಲ್ಲಿ ಜೀನುಗಳ ನಿಯಂತ್ರಣವೆಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಣ್ಣಿನ ಜೀವಕೋಶದಲ್ಲೂ ಕರುಳಿನ ಜೀವಕೋಶದಲ್ಲೂ ಇರುವ ಡಿ.ಎನ್.ಎ. ಪಾಠ ಒಂದೇ. ಭೇದವಿರುವುದು ಯಾವ ಜೀವಕೋಶ ಯಾವ ಹೊತ್ತಿನಲ್ಲಿ ಅದರ ಯಾವ ಭಾಗವನ್ನು ಎಷ್ಟು ಪ್ರಮಾಣದಲ್ಲಿ ಓದುತ್ತದೆ ಎಂಬುದರಲ್ಲಿ. ಪ್ರತಿಯೊಂದು ಜೀನಿನ ಮುಂಭಾಗದಲ್ಲಿ ಪ್ರವರ್ತಕವೆಂಬ ಭಾಗವಿರುತ್ತದೆ; ಹತ್ತಿರದಲ್ಲೋ ಬಹುದೂರದಲ್ಲೋ ಓದನ್ನು ಹೆಚ್ಚಿಸುವ ಬೇರೆ ಭಾಗಗಳಿರುತ್ತವೆ. ಇವುಗಳ ಮೇಲೆ ಕೂರುವ ಪ್ರೋಟೀನುಗಳು ಓದನ್ನು ಆರಂಭಿಸುತ್ತವೆ ಇಲ್ಲವೆ ತಡೆಯುತ್ತವೆ. ಆ ಪ್ರೋಟೀನುಗಳೂ ಬೇರೆ ಜೀನುಗಳ ಓದಿನ ಫಲವೇ ಆದುದರಿಂದ ಇಡೀ ವ್ಯವಸ್ಥೆಯು ಒಂದನ್ನೊಂದು ಹಿಡಿದ ಜಾಲವಾಗಿರುತ್ತದೆ. ಉದಾಹರಣೆಗೆ, ನೋಡಲ್ ವರ್ಗದ ಸಂಕೇತ ಪ್ರೋಟೀನುಗಳು ತತ್ತಿಯ ಹಳದಿಯ ಅಂಚಿನಿಂದ ಮೇಲಕ್ಕೆ ಹರಡುತ್ತವೆ. ಅವು ದಟ್ಟವಾಗಿರುವಲ್ಲಿ ಕರುಳು ಮೊದಲಾದವುಗಳ ಮೂಲಪದರ, ವಿರಳವಾಗಿರುವಲ್ಲಿ ಸ್ನಾಯು, ರಕ್ತ ಮೊದಲಾದವುಗಳ ಮೂಲಪದರ ಹುಟ್ಟುತ್ತದೆ. ಇದೇ ನೋಡಲ್ ತನ್ನನ್ನು ತಡೆಯುವ ಲೆಫ್ಟಿ ಎಂಬ ಪ್ರೋಟೀನನ್ನೂ ಉತ್ಪಾದಿಸುವಂತೆ ಮಾಡುತ್ತದೆ. ಬೆಳವಣಿಗೆಯ ಇಂಥ ಜಾಲದಿಂದ ಒಂದು ಎಳೆಯನ್ನು ಕಿತ್ತರೆ ಏನಾಗುತ್ತದೆ ಎಂದು ನೋಡುವುದೇ ಈ ಶಾಸ್ತ್ರದ ಮೂಲ ವಿಧಾನ.

ಈ ಕೀಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ, ಹಣ್ಣುನೊಣದ ಮೇಲಿನ ಕೆಲಸಕ್ಕಾಗಿ ೧೯೯೫ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಅವರ ಮುಂದಾಳ್ತನದಲ್ಲಿ. ಮತ್ತು ಅಮೆರಿಕದ ಬಾಸ್ಟನ್ನಿನಲ್ಲಿ, ಅವರ ಶಿಷ್ಯರಾಗಿದ್ದ ವೋಲ್ಫ್‌ಗಾಂಗ್ ಡ್ರೀಫರ್ ಹಾಗೂ ಮಾರ್ಕ್ ಫಿಶ್‌ಮನ್ ಅವರ ತಂಡಗಳಲ್ಲಿ. ಗಂಡುಮೀನುಗಳನ್ನು ರಾಸಾಯನಿಕಕ್ಕೆ ಒಡ್ಡಿ, ಯಾದೃಚ್ಛಿಕವಾಗಿ ಉತ್ಪರಿವರ್ತನೆಗಳನ್ನು ಉಂಟುಮಾಡಿ, ಮೂರನೆಯ ತಲೆಮಾರಿನ ಭ್ರೂಣಗಳನ್ನು ಒಂದೊಂದಾಗಿ ಪರಿಶೀಲಿಸಲಾಯಿತು. ಫಲಿತಾಂಶವು ೧೯೯೬ರ ಡಿಸೆಂಬರಿನಲ್ಲಿ ಡೆವಲಪ್‌ಮೆಂಟ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ೩೭ ಪ್ರಬಂಧಗಳಾಗಿ ಹೊರಬಂದಿತು.

ಜೀಬ್ರಾಮೀನಿನ ಉತ್ಪರಿವರ್ತಿತಗಳಿಗೆ ಇಟ್ಟ ಹೆಸರುಗಳು ಶಬ್ದಾರ್ಥದಲ್ಲಿ ಆಸಕ್ತಿಯುಳ್ಳವರಿಗೆ ರಂಜಕವಾಗಿವೆ. ನೋ ಟೇಲ್ ಎಂದರೆ ಬಾಲವಿಲ್ಲದ್ದು. ಸೈಕ್ಲಾಪ್ಸ್ ಎಂದರೆ ಗ್ರೀಕ್ ಪುರಾಣದ ಒಕ್ಕಣ್ಣ ರಾಕ್ಷಸ. ಸ್ಕ್ವಿಂಟ್ ಎಂದರೆ ಮೆಳ್ಳೆಗಣ್ಣು. ಇವು ಜೀನುಗಳ ಹೆಸರುಗಳೂ ಹೌದು ಎಂಬುದನ್ನು ಮರೆಯಬಾರದು. ನೋ ಟೇಲ್ ಎಂಬುದು ಬಾಲವನ್ನೂ, ಬೆನ್ನೆಲುಬಿಗಿಂತ ಮೊದಲು ಅದರ ಸ್ಥಾನದಲ್ಲಿರುವ ಮೃದುವಾದ ದಂಡವನ್ನೂ ರೂಪಿಸಲು ಬೇಕಾದ ಜೀನು. ಒಕ್ಕಣ್ಣನೆಂಬ ಜೀನು ಸರಿಯಾಗಿದ್ದರೆ ಕಣ್ಣುಗಳು ಎರಡಾಗುತ್ತವೆ. ಎಂದರೆ ಪ್ರತಿಯೊಂದು ಜೀನೂ ತಾನು ಮಾಡುವ ಕೆಲಸದಿಂದಲ್ಲದೆ ತನ್ನ ಅಭಾವದಿಂದ ನಾಮಕರಣ ಪಡೆದಿದೆ. ಅಭಾವದಿಂದ ಭಾವವನ್ನು ಊಹಿಸುವ ಈ ಕ್ರಮದಲ್ಲಿ ಒಂದು ತೊಡಕು ಮೊದಲಿನಿಂದಲೂ ತಿಳಿದಿತ್ತು. ಸೈಕ್ಲಾಪ್ಸ್ ಮತ್ತು ಸ್ಕ್ವಿಂಟ್ ಎರಡೂ ನೋಡಲ್ ವರ್ಗದವು. ಒಂದು ಮಾತ್ರ ಇಲ್ಲದಾಗ ದೋಷವು ಸೀಮಿತವಾಗಿರುತ್ತದೆ, ಎರಡೂ ಇಲ್ಲದಾಗ ಒಳಗಿನ ಮೂಲಪದರಗಳೇ ಬಹುಮಟ್ಟಿಗೆ ರೂಪುಗೊಳ್ಳುವುದಿಲ್ಲವೆಂದು ೧೯೯೮ರಲ್ಲಿ ತೋರಿಸಲಾಯಿತು. ಜೊತೆಗೆ, ಈ ಮೀನಿನ ಪೂರ್ವಜರಲ್ಲಿ ಇಡೀ ಜೀನ್ ಸಮೂಹವೇ ಒಮ್ಮೆ ಇಮ್ಮಡಿಗೊಂಡಿತ್ತು. ಆದ್ದರಿಂದ ಮನುಷ್ಯನಲ್ಲಿ ಒಂದಿರುವ ಕಡೆ ಇದರಲ್ಲಿ ಅನೇಕ ವೇಳೆ ಎರಡು ಜೀನುಗಳಿವೆ. ಒಬ್ಬನು ಬಾರದಿದ್ದರೆ ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನು ಹೊಲ ಉಳುವಂತೆ ಎನ್ನಬಹುದು. ಆದರೆ ಇಲ್ಲಿ ಆ ಇನ್ನೊಬ್ಬನು ಮೊದಲಿನಿಂದಲೂ ಹೊಲದಲ್ಲಿಯೇ ಇದ್ದವನು. ಮುಂದೆ ಹೇಳಲಿರುವ ಸಂಗತಿ ಇದಕ್ಕಿಂತ ಬೇರೆ.

ಉತ್ಪರಿವರ್ತನೆಗಳನ್ನು ಹುಡುಕಿ ಜೀನನ್ನು ಗುರುತಿಸಲು ವರ್ಷಗಳೇ ಹಿಡಿಯುತ್ತಿದ್ದವು. ೨೦೦೦ದಲ್ಲಿ ಒಂದು ಸುಲಭೋಪಾಯ ದೊರೆಯಿತು. ಮಾರ್ಫೊಲಿನೊ ಎಂಬ ಕೃತಕ ಅಣುಸರಣಿಯನ್ನು ಮೊದಲ ಕೆಲವು ವಿಭಜನೆಗಳ ಹೊತ್ತಿಗೆ ತತ್ತಿಗೆ ಚುಚ್ಚಿದರೆ, ಅದು ಆಯ್ದ ಸಂದೇಶವಾಹಕ ಆರ್.ಎನ್.ಎ.ಗೆ ಅಂಟಿಕೊಂಡು ಅದು ಪ್ರೋಟೀನಾಗಿ ಅನುವಾದಗೊಳ್ಳುವುದನ್ನು ತಡೆಯುತ್ತದೆ. ಜೀನು ಹಾಗೆಯೇ ಇರುತ್ತದೆ. ಅದರ ಮಾತು ಮಾತ್ರ ನಡೆಯುವುದಿಲ್ಲ. ಬೆಳಿಗ್ಗೆ ಚುಚ್ಚಿ ಮರುದಿನ ಫಲವನ್ನು ನೋಡಬಹುದಾದ ಈ ವಿಧಾನವು ಜಗತ್ತಿನಾದ್ಯಂತ ಹರಡಿತು. ಇದರಿಂದ ದೋಷಗೊಂಡ ಭ್ರೂಣಕ್ಕೆ ಮಾರ್ಫಂಟ್ ಎಂಬ ಹೊಸ ಶಬ್ದವೂ ಹುಟ್ಟಿತು. ಮಾನವ ರೋಗಿಯಲ್ಲಿ ಕಂಡ ಯಾವುದಾದರೂ ಜೀನಿನ ದೋಷವೇ ರೋಗಕ್ಕೆ ಕಾರಣವೆಂದು ಸಮರ್ಥಿಸಲು ಮೀನಿನಲ್ಲಿ ಅದೇ ಜೀನನ್ನು ಮಾರ್ಫೊಲಿನೊದಿಂದ ತಡೆದು ತೋರಿಸುವುದು ವಾಡಿಕೆಯಾಯಿತು. ಮನುಷ್ಯನ ಜೀನುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಜೀಬ್ರಾಮೀನಿನಲ್ಲಿ ಸಂವಾದಿ ಜೀನುಗಳಿವೆಯೆಂದು ೨೦೧೩ರಲ್ಲಿ ಪ್ರಕಟವಾದ ಜೀನ್ ಸಮೂಹದ ಅಧ್ಯಯನ ತೋರಿಸಿದ ಮೇಲಂತೂ ಈ ವಾಡಿಕೆಗೆ ಬಲ ಬಂದಿತು.

ಅಪಸ್ವರಗಳು ಇಲ್ಲದಿರಲಿಲ್ಲ. ಮಾರ್ಫೊಲಿನೊಗಳು ಅನೇಕ ವೇಳೆ ಪಿ೫೩ ಎಂಬ ಪ್ರೋಟೀನನ್ನು ಚುರುಕುಗೊಳಿಸಿ, ಉದ್ದೇಶಿತ ಜೀನಿಗೆ ಸಂಬಂಧವೇ ಇಲ್ಲದ ಜೀವಕೋಶಗಳ ಸಾವನ್ನು ತರುತ್ತವೆಯೆಂದು ೨೦೦೭ರಲ್ಲಿಯೇ ವರದಿಯಾಗಿತ್ತು. ನಿಜವಾದ ಬಿಕ್ಕಟ್ಟು ಬಂದದ್ದು ಆಯ್ದ ಜೀನನ್ನೇ ಕತ್ತರಿಸಬಲ್ಲ ಸಾಧನಗಳು, ವಿಶೇಷವಾಗಿ ೨೦೧೩ರಿಂದ ಈ ಮೀನಿನಲ್ಲಿ ಬಳಕೆಗೆ ಬಂದ ಕ್ರಿಸ್ಪರ್, ಕೈಗೆ ಸಿಕ್ಕ ಮೇಲೆ. ಈಗ ಅದೇ ಜೀನನ್ನು ಶಾಶ್ವತವಾಗಿ ಕೆಡಿಸಿ ಮಾರ್ಫಂಟಿನೊಡನೆ ಹೋಲಿಸಲು ಸಾಧ್ಯವಾಯಿತು. ೨೦೧೫ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ತಂಡ ಇಂಥ ಹೋಲಿಕೆಯನ್ನು ಪ್ರಕಟಿಸಿತು. ಹಿಂದೆ ಮಾರ್ಫೊಲಿನೊಗಳಿಂದ ವರದಿಯಾಗಿದ್ದ ದೋಷಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಉತ್ಪರಿವರ್ತಿತ ಮೀನುಗಳಲ್ಲಿ ಕಂಡುಬರಲಿಲ್ಲವೆಂಬುದು ಅದರ ಸಾರಾಂಶ. ಹದಿನೈದು ವರ್ಷಗಳ ಪ್ರಬಂಧರಾಶಿಯಲ್ಲಿ ಎಷ್ಟನ್ನು ನಂಬಬೇಕು ಎಂಬ ಪ್ರಶ್ನೆ ಎದುರಾಯಿತು. ಪ್ರಶ್ನೆ ಪಂಡಿತರ ನಡುವಿನದು ಮಾತ್ರವಾಗಿರಲಿಲ್ಲ; ಯಾವುದೋ ಮಗುವಿನ ರೋಗಕ್ಕೆ ಇಂಥ ಜೀನೇ ಕಾರಣವೆಂದು ಕುಟುಂಬಕ್ಕೆ ಹೇಳಿದ ಮಾತಿನ ಹಿಂದೆಯೂ ಇಂಥ ಸಾಕ್ಷ್ಯ ಇರಬಹುದಾಗಿತ್ತು.

ಸರಳವಾದ ತೀರ್ಮಾನವೊಂದು ಸಿದ್ಧವಾಗಿಯೇ ಇತ್ತು: ಜೀನನ್ನೇ ತೆಗೆದಾಗ ದೋಷವಿಲ್ಲವೆಂದರೆ ಜೀನಿಗೆ ಆ ಕೆಲಸವಿಲ್ಲ, ಮಾರ್ಫೊಲಿನೊ ತೋರಿಸಿದ್ದು ವಿಷದ ಪರಿಣಾಮ. ಅನೇಕ ಜೀನುಗಳ ಮಟ್ಟಿಗೆ ಇದು ಸರಿಯೇ ಇರಬೇಕು. ಆದರೆ ಅದೇ ೨೦೧೫ರಲ್ಲಿ ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಡಿಡಿಯೆ ಸ್ಟೈನಿಯರ್ ಅವರ ತಂಡವು ಇ.ಜಿ.ಎಫ್.ಎಲ್.೭ ಎಂಬ ಜೀನನ್ನು ಕುರಿತು ಪ್ರಕಟಿಸಿದ ಕೆಲಸ ಈ ಸರಳತೆಯನ್ನು ಕೆಡಿಸಿತು. ಈ ಜೀನನ್ನು ಮಾರ್ಫೊಲಿನೊದಿಂದ ತಡೆದಾಗ ರಕ್ತನಾಳಗಳು ಸರಿಯಾಗಿ ಬೆಳೆಯುತ್ತಿರಲಿಲ್ಲ. ಜೀನನ್ನೇ ಕೆಡಿಸಿದ ಮೀನುಗಳು ಬಹುಮಟ್ಟಿಗೆ ಸುಖವಾಗಿದ್ದವು. ಆಗ ಅವರು ಮಾಡಿದ ಪರೀಕ್ಷೆ ತರ್ಕದ ದೃಷ್ಟಿಯಿಂದ ಬಹು ಸೊಗಸಾದುದು. ಉತ್ಪರಿವರ್ತಿತ ಭ್ರೂಣಗಳಿಗೇ ಅದೇ ಮಾರ್ಫೊಲಿನೊವನ್ನು ಚುಚ್ಚಿದರು. ಅದು ಬರಿಯ ವಿಷವಾಗಿದ್ದರೆ ಇವುಗಳಿಗೂ ಅಷ್ಟೇ ತೊಂದರೆ ಆಗಬೇಕಾಗಿತ್ತು. ಆಗಲಿಲ್ಲ, ಸಾಮಾನ್ಯ ಭ್ರೂಣಗಳಿಗಿಂತ ಇವು ಬಹಳ ಕಡಮೆ ಬಾಧೆಗೊಂಡವು. ಎಂದರೆ ಮಾರ್ಫಂಟಿನ ದೋಷ ಆ ಜೀನಿನ ಅಭಾವದಿಂದಲೇ ಬಂದದ್ದು. ಉತ್ಪರಿವರ್ತಿತ ಮೀನಿನಲ್ಲಿ ಮತ್ತಾವುದೋ ಆ ಅಭಾವವನ್ನು ತುಂಬುತ್ತಿದೆ. ಹುಡುಕಿದಾಗ, ಎಮಿಲಿನ್ ವರ್ಗದ ಜೀನುಗಳ ಓದು ಉತ್ಪರಿವರ್ತಿತಗಳಲ್ಲಿ ಹೆಚ್ಚಿದ್ದುದೂ ಮಾರ್ಫಂಟುಗಳಲ್ಲಿ ಹೆಚ್ಚದಿದ್ದುದೂ ಕಂಡುಬಂದಿತು.

ಈ ಬದಲಿ ವ್ಯವಸ್ಥೆಯನ್ನು ಎಬ್ಬಿಸುವುದು ಯಾವುದು? ಪ್ರೋಟೀನಿನ ಅಭಾವವೆಂದರೆ ಒಪ್ಪಲಾಗದು, ಏಕೆಂದರೆ ಪ್ರೋಟೀನು ಎರಡರಲ್ಲಿಯೂ ಇಲ್ಲ. ಉತ್ತರ ೨೦೧೯ರಲ್ಲಿ ಸ್ಟೈನಿಯರ್ ಅವರ ತಂಡದಿಂದಲೂ ಚೀನಾದ ಒಂದು ತಂಡದಿಂದಲೂ ಬಂದಿತು. ಜೀನನ್ನು ಕೆಡಿಸುವ ಸಾಮಾನ್ಯ ಕ್ರಮದಲ್ಲಿ ಪಾಠದ ನಡುವೆ ಅಕಾಲಿಕವಾದ ವಿರಾಮಚಿಹ್ನೆ ಹುಟ್ಟುತ್ತದೆ. ಕಾವ್ಯದ ನಾಲ್ಕನೆಯ ಆಶ್ವಾಸದ ನಡುವೆ ಲಿಪಿಕಾರನು ಮಂಗಳ ಮಹಾಶ್ರೀ ಎಂದು ಬರೆದು ಕೈತೊಳೆದುಕೊಂಡಂತೆ. ಜೀವಕೋಶವು ಇಂಥ ಸಂದೇಶವಾಹಕ ಆರ್.ಎನ್.ಎ.ಯನ್ನು ಗುರುತಿಸಿ ನಾಶಮಾಡುತ್ತದೆ. ಹೀಗೆ ನಾಶವಾಗುವ ಸಂದೇಶವೇ, ತನ್ನನ್ನು ಹೋಲುವ ಪಾಠವುಳ್ಳ ಬೇರೆ ಜೀನುಗಳ ಓದನ್ನು ಹೆಚ್ಚಿಸುತ್ತದೆಯೆಂಬುದು ಇವರ ನಿಗಮನ. ಇದನ್ನು ಸ್ಥಾಪಿಸಿದ ಮುಖ್ಯ ಸಾಕ್ಷ್ಯವೆಂದರೆ, ಪ್ರವರ್ತಕ ಭಾಗವನ್ನೇ ತೆಗೆದುಹಾಕಿ ಸಂದೇಶವೇ ಹುಟ್ಟದಂತೆ ಮಾಡಿದ ಮೀನುಗಳು. ಇವುಗಳಲ್ಲಿ ಬದಲಿ ವ್ಯವಸ್ಥೆ ಏಳಲಿಲ್ಲ, ಇ.ಜಿ.ಎಫ್.ಎಲ್.೭ ಮೊದಲಾದ ಕೆಲವು ಜೀನುಗಳಲ್ಲಿ ದೋಷಗಳು ಹೆಚ್ಚು ತೀವ್ರವಾಗಿ ಕಂಡವು. ಮಾರ್ಫೊಲಿನೊವಾದರೋ ಸಂದೇಶದ ಬಾಯಿ ಕಟ್ಟುತ್ತದೆಯೇ ಹೊರತು ಸಾಮಾನ್ಯವಾಗಿ ಅದನ್ನು ಇಂಥ ನಾಶಕ್ಕೆ ಒಪ್ಪಿಸುವುದಿಲ್ಲ. ಆದುದರಿಂದ ಅಲ್ಲಿಯೂ ಬದಲಿ ಏಳುವುದಿಲ್ಲ. ಇದು ಹಿಂದೆ ಹೇಳಿದ ಅಣ್ಣತಮ್ಮಂದಿರ ಹೊಲದ ಸಂಗತಿಯಲ್ಲ. ಹರಿದ ಓಲೆಯೇ ಊರಿಗೆ ಹೋಗಿ ಬಂಧುವನ್ನು ಕರೆತಂದಂತೆ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಸನ್ನಿವೇಶ ಪರಿಚಿತವೆನಿಸೀತು. ಒಂದು ಗರಿ ಕಳೆದುಹೋದ ಪ್ರತಿಯಲ್ಲಿ ಗ್ರಂಥಪಾತ ಎದ್ದುಕಾಣುತ್ತದೆ. ಗರಿಯ ಅರ್ಧ ಹುಳು ತಿಂದಿದ್ದರೆ, ಉಳಿದ ಚೂರಿನ ಸುಳಿವಿನಿಂದ ಲಿಪಿಕಾರನು ಅದೇ ವಸ್ತುವಿನ ಬೇರೊಂದು ಕಾವ್ಯದ ಪದ್ಯವನ್ನು ತಂದು ಹೊಂದಿಸಿರುವ ಸಾಧ್ಯತೆಯುಂಟು. ಆಗ ಓದು ಸರಾಗವಾಗಿ ಸಾಗುತ್ತದೆ, ಹಾನಿಯಾದದ್ದೇ ತಿಳಿಯುವುದಿಲ್ಲ. ಸರಾಗವಾದ ಪಾಠ ಶುದ್ಧಪಾಠವೆಂದು ನಂಬಿ ಮೋಸಹೋದ ಸಂಪಾದಕರಲ್ಲಿ ಈ ಲೇಖಕನೂ ಒಬ್ಬ. ಸಾದೃಶ್ಯವನ್ನು ಇದಕ್ಕಿಂತ ಮುಂದೆ ಎಳೆಯುವುದು ಸಲ್ಲದು. ಲಿಪಿಕಾರನಿಗೆ ಉದ್ದೇಶವಿದೆ, ಜೀವಕೋಶಕ್ಕೆ ಅಂಥದಿಲ್ಲ. ಬದಲಿಗೆ ಎದ್ದ ಜೀನು ಕೆಲಸಕ್ಕೆ ಬರಬೇಕೆಂಬ ನಿಯಮವೂ ಇಲ್ಲ. ಪಾಠದ ಹೋಲಿಕೆಯಿದ್ದರೆ ಏಳುತ್ತದೆ, ಕೆಲವು ಸಲ ಉಪಯೋಗಕ್ಕೆ ಬರುತ್ತದೆ.

ವೈದ್ಯಕೀಯಕ್ಕೂ ಇದರ ಸಂಬಂಧವಿದೆ. ಒಂದೇ ಜೀನಿನಲ್ಲಿ ಒಂದಕ್ಷರ ಬದಲಾದ ರೋಗಿಗಿಂತ, ಅಕಾಲಿಕ ವಿರಾಮದಿಂದ ಜೀನು ಪೂರ್ತಿ ಕೆಟ್ಟ ರೋಗಿಯ ಸ್ಥಿತಿ ಕೆಲವೊಮ್ಮೆ ಸೌಮ್ಯವಾಗಿರುವುದಕ್ಕೆ ಇಂಥ ಬದಲಿ ವ್ಯವಸ್ಥೆ ಕಾರಣವಾಗಿರಬಹುದೆಂದು ಸೂಚಿಸಲಾಗಿದೆ. ನಾಶದ ಚೂರುಗಳು ಬೇರೆ ಜೀನುಗಳ ಓದನ್ನು ಹೇಗೆ ಹೆಚ್ಚಿಸುತ್ತವೆಯೆಂಬ ವಿವರದ ಮೇಲೆ ಈಗಲೂ ಕೆಲಸ ನಡೆಯುತ್ತಿದೆ.

ನಮ್ಮ ದೇಶದ ಪ್ರಯೋಗಶಾಲೆಗಳ ಬಗ್ಗೆ ಎರಡು ಮಾತು. ಈ ಪತ್ರಿಕೆಯ ಓದುಗರಿರುವ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿಯೂ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಜೀಬ್ರಾಮೀನಿನ ಮೇಲೆ ಸಂಶೋಧನೆ ನಡೆದಿದೆ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವಶಾಸ್ತ್ರ ಸಂಸ್ಥೆಯು ಅಸ್ಸಾಮಿನಿಂದ ತಂದ ಕಾಡು ಮೀನುಗಳ ತಳಿಯ ಜೀನ್ ಸಮೂಹವನ್ನು ಓದಿ ಮುಗಿಸಿದುದಾಗಿ ೨೦೦೯ರಲ್ಲಿ ಪ್ರಕಟಿಸಿತು. ಇದಕ್ಕೆ ವಿಶೇಷ ಮಹತ್ವವಿದೆ. ಪಶ್ಚಿಮದ ಪ್ರಯೋಗಶಾಲೆಗಳ ತಳಿಗಳು ತಲೆಮಾರುಗಳಿಂದ ತೊಟ್ಟಿಯಲ್ಲಿ ಬೆಳೆದು, ಗಂಡು ಹೆಣ್ಣುಗಳನ್ನು ನಿರ್ಧರಿಸುವ ಮೂಲ ವರ್ಣತಂತು ವ್ಯವಸ್ಥೆಯನ್ನೇ ಕಳೆದುಕೊಂಡಿವೆಯೆಂದು ೨೦೧೪ರಲ್ಲಿ ತೋರಿಸಲಾಗಿದೆ. ಪ್ರಚಲಿತ ಪಾಠವೊಂದನ್ನೇ ಹಿಡಿದು ಕುಳಿತರೆ ಮೂಲದ ಲಕ್ಷಣ ತಪ್ಪಿಹೋಗುವ ಅಪಾಯ ಇಲ್ಲಿಯೂ ಉಂಟು.

೨೦೧೭ರಲ್ಲಿ ಈ ಕ್ಷೇತ್ರದ ಹಲವು ಪ್ರಮುಖರು ಸೇರಿ ಮಾರ್ಫೊಲಿನೊಗಳ ಬಳಕೆಗೆ ಮಾರ್ಗಸೂಚಿಗಳನ್ನು ಪ್ರಕಟಿಸಿದರು. ಉತ್ಪರಿವರ್ತಿತದೊಡನೆ ಹೋಲಿಸುವುದು, ಉತ್ಪರಿವರ್ತಿತಕ್ಕೇ ಮಾರ್ಫೊಲಿನೊ ಚುಚ್ಚಿ ನೋಡುವುದು ಈಗ ಎಚ್ಚರದ ಕ್ರಮಗಳೆನಿಸಿವೆ. ಕೆಲವರು ಪ್ರವರ್ತಕವಿಲ್ಲದ ಮೀನನ್ನೂ ಜೊತೆಗೆ ತಯಾರಿಸುತ್ತಾರೆ. ೨೦೧೫ಕ್ಕಿಂತ ಹಿಂದಿನ ಪ್ರಬಂಧಗಳನ್ನು ಬಳಸುವವರು ತೀರ್ಮಾನವು ಮಾರ್ಫಂಟಿನಿಂದ ಬಂದದ್ದೋ ಉತ್ಪರಿವರ್ತಿತದಿಂದ ಬಂದದ್ದೋ ಎಂಬುದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು: ನೋ ಟೇಲ್ ಜೀನಿನ ಈಗಿನ ಅಧಿಕೃತ ಸಂಕೇತ ಟಿ.ಬಿ.ಎಕ್ಸ್.ಟಿ.ಎ.; ಹಳೆಯ ಪ್ರಬಂಧಗಳಲ್ಲಿ ಅದನ್ನು ಬಾಲವಿಲ್ಲದ್ದೆಂಬ ಹೆಸರಿನಲ್ಲಿಯೇ ಹುಡುಕಬೇಕಾಗುತ್ತದೆ.